ತಡೆಯುವ ಪದ, ತಡವರಿಸುವ ಪದ: ಇಂಗ್ಲಿಷ್ ಶಬ್ದಗಳನ್ನು ಬೇರು ಹಿಡಿದು ಕಲಿಯುವ ಬಗೆ

ಪೊಲೀಸ್ ಠಾಣೆಗೆ ಇಂಗ್ಲಿಷಿನಲ್ಲಿ ದೂರು ಬರೆಯುವಾಗ ನಮ್ಮ ಕಡೆ ಮೇಲಿಂದ ಮೇಲೆ ಆಗುವ ತಪ್ಪು ಒಂದಿದೆ. ಹೊಲದ ಮೋಟಾರು ಕಳುವಾಗಿದೆ, ಬಾಜೂ ಹೊಲದವನ ಮೇಲೆ ಅನುಮಾನ ಇದೆ. ಬರೆಯುವವರು ‘ಐ ಡೌಟ್ ದಟ್ ಹಿ ಸ್ಟೋಲ್ ದ ಮೋಟರ್’ ಎಂದು ಬರೆದುಬಿಡುತ್ತಾರೆ. ಇಂಗ್ಲಿಷಿನಲ್ಲಿ ಈ ಸಾಲಿಗಿರುವ ಅರ್ಥ ಬೇರೆಯೇ: ಅವನು ಕದ್ದಿರಲಿಕ್ಕಿಲ್ಲ ಎಂದು ನನಗೆ ಅನಿಸುತ್ತದೆ. ದೂರು ಕೊಟ್ಟವನೇ ಅವನ ಪರವಾಗಿ ಸಾಕ್ಷಿ ಹೇಳಿದಂತಾಯಿತು. ಅಲ್ಲಿ ಬರಬೇಕಾಗಿದ್ದ ಪದ ಸಸ್ಪೆಕ್ಟ್. ‘ಐ ಸಸ್ಪೆಕ್ಟ್ ದಟ್ ಹಿ ಸ್ಟೋಲ್ ಇಟ್’ ಎಂದರೆ ಕದ್ದಿದ್ದಾನೆಂಬ ಗುಮಾನಿ ಇದೆ ಎಂದರ್ಥ.

ಬರೆದವರಿಗೆ ಇಂಗ್ಲಿಷ್ ಬರುವುದಿಲ್ಲ ಎಂದು ಇದಕ್ಕೆ ಅರ್ಥವಲ್ಲ. ಕನ್ನಡದ ‘ಅನುಮಾನ’ ಎರಡೂ ಕೆಲಸ ಮಾಡುತ್ತದೆ. ‘ಅವನು ಬರ್ತಾನೋ ಇಲ್ಲೋ ಅನುಮಾನ’ ಎಂದರೆ ಬರುವುದು ಕಷ್ಟ, ‘ಅವನ ಮೇಲೆ ಅನುಮಾನ’ ಎಂದರೆ ಅವನೇ ಮಾಡಿರಬೇಕು. ಇಂಗ್ಲಿಷ್ ಈ ಎರಡಕ್ಕೂ ಬೇರೆ ಬೇರೆ ಪದ ಇಟ್ಟುಕೊಂಡಿದೆ, ಎರಡೂ ಎರಡು ಬೇರಿನಿಂದ ಹುಟ್ಟಿವೆ. ಡೌಟ್ ಬಂದದ್ದು ಲ್ಯಾಟಿನ್ನಿನ ದುಬಿತಾರೆಯಿಂದ. ಅದರೊಳಗೆ ‘ದುವೊ’, ಅಂದರೆ ಎರಡು ಎಂಬ ಸಂಖ್ಯೆ ಕೂತಿದೆ. ಮನಸ್ಸು ಇಬ್ಬಗೆಯಾಗಿರುವುದೇ ಡೌಟ್. ಸಸ್ಪೆಕ್ಟ್‌ನಲ್ಲಿರುವುದು ‘ಸ್ಪೆಕೆರೆ’, ನೋಡು. ಅದರ ಮುಂದೆ ‘ಸಬ್’, ಕೆಳಗಿನಿಂದ. ತಲೆ ತಗ್ಗಿಸಿದ ಹಾಗೆ ಮಾಡಿ ರೆಪ್ಪೆಯ ಕೆಳಗಿನಿಂದ ಒಬ್ಬನನ್ನು ನೋಡುವುದು. ನಾವು ಓರೆಗಣ್ಣು ಎನ್ನುವುದು ಇದಕ್ಕೇ. ಈ ಎರಡು ಚಿತ್ರ ಒಮ್ಮೆ ಕಣ್ಣಿಗೆ ಕಟ್ಟಿದರೆ ದೂರಿನಲ್ಲಿ ಯಾವ ಪದ ಹಾಕಬೇಕೆಂದು ಯಾರನ್ನೂ ಕೇಳಬೇಕಿಲ್ಲ.

ತಡೆ, ಸಂಯಮ, ಹಿಂಜರಿಕೆ, ಸಂದೇಹ ಇವುಗಳನ್ನು ಹೇಳುವ ಇಂಗ್ಲಿಷ್ ಪದಗಳನ್ನು ಉರು ಹೊಡೆದು ಕಲಿಯುವುದು ಕಷ್ಟ. ಅವು ಕಣ್ಣಿಗೆ ಕಾಣುವ ವಸ್ತುಗಳ ಹೆಸರಲ್ಲ. ಆದರೆ ಪ್ರತಿಯೊಂದರ ಬುಡದಲ್ಲೂ ಕೈಕಾಲು, ಹಗ್ಗ, ಕುದುರೆ, ಸಾಣಿಗೆ, ಕುಸ್ತಿ ಇಂಥದ್ದೇನೋ ಒಂದು ಇದ್ದೇ ಇದೆ. ಕಲಬುರಗಿ, ಬೀದರ್, ಯಾದಗಿರಿಯವರಿಗೆ ಇವು ಯಾವುವೂ ಹೊಸವಲ್ಲ.

ಬೇಕಾಗುವ ಸಾಮಾನು

200 ಪುಟದ ಒಂದು ಗೆರೆ ನೋಟ್‌ಬುಕ್. ಕಲಿಯುವವರಿಗಾಗಿಯೇ ಮಾಡಿದ ಒಂದು ಇಂಗ್ಲಿಷ್ ನಿಘಂಟು. ಆಕ್ಸ್‌ಫರ್ಡ್, ಕೇಂಬ್ರಿಜ್ ಎರಡೂ ಮೊಬೈಲಿನಲ್ಲಿ ಪುಕ್ಕಟೆ ಸಿಗುತ್ತವೆ. ಪದದ ಹುಟ್ಟು ನೋಡಲು ಡಗ್ಲಸ್ ಹಾರ್ಪರ್ ಅವರ ಆನ್‌ಲೈನ್ ಎಟಿಮಾಲಜಿ ಡಿಕ್ಷನರಿ. ಕನ್ನಡದ ಕಡೆಯಿಂದ ನೋಡಲು ಕಿಟೆಲ್ ಅವರ 1894ರ ನಿಘಂಟು, ಇಲ್ಲವೇ ವಿ. ಕೃಷ್ಣ ಅವರ ‘ಅಲರ್’ ಎಂಬ ಆನ್‌ಲೈನ್ ಕನ್ನಡ-ಇಂಗ್ಲಿಷ್ ನಿಘಂಟು. ದಿನಕ್ಕೆ ಅರ್ಧ ತಾಸು, ಐದು ಪದ, ಅದಕ್ಕಿಂತ ಹೆಚ್ಚು ಬೇಡ. ಒಂದೇ ದಿನ 30 ಪದ ಬರೆದುಕೊಂಡವರಿಗೆ ಮರುವಾರ ಮೂರು ನೆನಪಿದ್ದರೆ ಹೆಚ್ಚು.

ಪುಟವನ್ನು ಮೂರು ಅಂಕಣ ಮಾಡಿ. ಮೊದಲನೆಯದರಲ್ಲಿ ಪದ, ಎರಡನೆಯದರಲ್ಲಿ ಒಡೆದ ತುಂಡುಗಳು ಮತ್ತು ಚಿತ್ರ, ಮೂರನೆಯದರಲ್ಲಿ ನೀವೇ ಮಾಡಿದ ಒಂದು ವಾಕ್ಯ. ಮೂರನೆಯ ಅಂಕಣವನ್ನು ಖಾಲಿ ಬಿಡುವವರೇ ಬಹಳ. ಪದವನ್ನು ಬಳಸಲು ಕಲಿಸುವುದು ಆ ಅಂಕಣವೇ.

ಮೊದಲು ತಲೆ ಕಳಚಿ

ಪದದ ಮುಂದಿನ ತುಂಡನ್ನು ಬಿಡಿಸಿ ಬರೆಯಿರಿ. ಈ ಗುಂಪಿನ ಪದಗಳಿಗೆ ಎಂಟು ಉಪಸರ್ಗ ಗೊತ್ತಿದ್ದರೆ ಸಾಕು: ರಿ, ಹಿಂದಕ್ಕೆ. ಅಬ್ ಅಥವಾ ಅಬ್ಸ್, ದೂರಕ್ಕೆ. ಕಾನ್, ಕೂಡಿಸಿ. ಡಿಸ್, ಬೇರೆ ಬೇರೆಯಾಗಿ. ಸಬ್ ಅಥವಾ ಸಸ್, ಕೆಳಗಿನಿಂದ. ಆಂಬಿ, ಎರಡೂ ಕಡೆ. ಸರ್ಕಮ್, ಸುತ್ತಲೂ. ಇನ್, ಒಳಗೆ.

ಎಡವುವುದು ಕೊನೆಯದರಲ್ಲಿ. ಇನ್ ಎಂಬ ಉಪಸರ್ಗ ಒಂದಲ್ಲ, ಎರಡು. ಇನ್‌ಹಿಬಿಟ್ ಎಂಬಲ್ಲಿ ಅದು ‘ಒಳಗೆ’, ಒಳಗೇ ಹಿಡಿದಿಟ್ಟುಕೊಳ್ಳುವುದು. ಇನ್‌ಡಿಸೈಸಿವ್ ಎಂಬಲ್ಲಿ ಅದು ‘ಅಲ್ಲ’, ನಿರ್ಧಾರ ಮಾಡಲಾರದವನು. ಎರಡನ್ನೂ ಒಂದೇ ಎಂದುಕೊಂಡರೆ ಇನ್‌ಹಿಬಿಟ್ ಎಂದರೆ ಹಿಡಿಯದಿರುವುದು ಎಂಬ ಉಲ್ಟಾ ಅರ್ಥ ಹೊರಡುತ್ತದೆ. ಆದ್ದರಿಂದ ಇನ್ ಕಂಡ ಕೂಡಲೇ ನಿಲ್ಲಿ, ನಿಘಂಟು ನೋಡಿ, ಆಮೇಲೆ ಬರೆಯಿರಿ.

ಹಿಡಿಯುವ, ಬಿಗಿಯುವ ಪದಗಳು

ತಡೆಯ ಪದಗಳಲ್ಲಿ ಹೆಚ್ಚಿನವು ಮೂರೇ ಬೇರಿನವು. ಲ್ಯಾಟಿನ್ನಿನ ‘ತೆನೆರೆ’ ಎಂದರೆ ಕೈಯಲ್ಲಿ ಹಿಡಿ. ಅದರಿಂದ ಅಬ್‌ಸ್ಟೇನ್, ತನ್ನನ್ನು ತಾನು ದೂರ ಹಿಡಿಯುವುದು. ರಿಟೇನ್, ಕಂಟೇನ್, ಟೆನಂಟ್ ಎಲ್ಲ ಇದರ ಮಕ್ಕಳೇ. ಹೊಲ ಹಿಡಿದು ಮಾಡುವವನು ಟೆನಂಟ್. ‘ಯಾರ ಹೊಲ ಹಿಡದೀರಿ ಈ ವರ್ಷ?’ ಎಂದು ನಮ್ಮಲ್ಲೂ ಕೇಳುತ್ತಾರೆ. ಎರಡನೆಯದು ‘ಹಾಬೆರೆ’, ಇದೂ ಹಿಡಿ, ಇಟ್ಟುಕೊ. ಇನ್‌ಹಿಬಿಟ್, ಪ್ರೊಹಿಬಿಟ್, ಹ್ಯಾಬಿಟ್ ಇದರಿಂದ ಬಂದವು. ಮೂರನೆಯದು ‘ಸ್ತ್ರಿಂಗೆರೆ’, ಬಿಗಿದು ಕಟ್ಟು.

ಮೂರನೆಯದರ ಸಂಸಾರ ಎಲ್ಲಕ್ಕಿಂತ ದೊಡ್ಡದು. ಹಿಂದಕ್ಕೆ ಎಳೆದು ಬಿಗಿದರೆ ರಿಸ್ಟ್ರೇನ್, ಕೂಡಿಸಿ ಬಿಗಿದರೆ ಕನ್‌ಸ್ಟ್ರೇನ್, ಬಿಗಿಯಾಗಿಯೇ ಇರುವುದು ಸ್ಟ್ರಿಕ್ಟ್. ನಾವು ದಿನವೂ ಆಡುವ ಡಿಸ್ಟ್ರಿಕ್ಟ್ ಕೂಡ ಇದೇ ಬೇರಿನದು: ಮಧ್ಯಯುಗದ ಯುರೋಪಿನಲ್ಲಿ ಒಬ್ಬ ಒಡೆಯನ ಬಿಗಿ ಎಲ್ಲಿಯವರೆಗೆ ನಡೆಯುತ್ತಿತ್ತೋ ಅಲ್ಲಿಯವರೆಗಿನ ಸೀಮೆ. ಕಲಬುರಗಿ ಡಿಸ್ಟ್ರಿಕ್ಟ್ ಎಂದು ಫಾರ್ಮಿನಲ್ಲಿ ಬರೆಯುವಾಗಲೂ ಒಂದು ಹಗ್ಗದ ಚಿತ್ರವನ್ನೇ ಬರೆಯುತ್ತಿದ್ದೇವೆ. ಟ್ರೇನ್ ಎಂಬ ಪದ ರಿಸ್ಟ್ರೇನ್ ಒಳಗೆ ಕಂಡರೂ ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಅಕ್ಷರ ಹೊಂದಿತೆಂದು ಬೇರು ಹೊಂದುವುದಿಲ್ಲ. ನಿಘಂಟಿನಲ್ಲಿ ಖಾತ್ರಿ ಮಾಡಿಕೊಳ್ಳದೆ ಎರಡನೆಯ ಅಂಕಣ ತುಂಬಬೇಡಿ.

ಅರೆಸ್ಟ್ ಕೂಡ ತಡೆಯ ಪದವೇ. ಅದರ ಬುಡದಲ್ಲಿರುವುದು ‘ಸ್ತಾರೆ’, ನಿಲ್ಲು. ಹಿಂದೆ ನಿಲ್ಲಿಸುವುದು ಅರೆಸ್ಟ್. ಅರೆಸ್ಟ್ ಎಂದರೆ ಪೊಲೀಸರು ಮಾಡುವುದು ಎಂದಷ್ಟೇ ಗೊತ್ತಿದ್ದವರಿಗೆ ಕಾರ್ಡಿಯಾಕ್ ಅರೆಸ್ಟ್ ತಿಳಿಯುವುದಿಲ್ಲ. ನಿಲ್ಲಿಸು ಎಂದು ಗೊತ್ತಿದ್ದರೆ ಹೃದಯ ನಿಂತಿತು ಎಂದು ತಾನಾಗಿ ತಿಳಿಯುತ್ತದೆ. ಕೋರ್ಟಿನ ‘ಸ್ಟೇ’ಗೂ ಇದೇ ಮೂಲ. ‘ಅವರು ಸ್ಟೇ ತಂದಾರ’ ಎಂದರೆ ಕೆಲಸ ಇದ್ದಲ್ಲೇ ನಿಂತಿತು ಎಂದೇ ಅಲ್ಲವೇ?

ಲಗಾಮಿನ ಸಾಲು

ಇಂಗ್ಲಿಷಿನವರು ಸಂಯಮದ ಮಾತು ಆಡುವಾಗೆಲ್ಲ ಅವರ ಕಣ್ಣ ಮುಂದೆ ಕುದುರೆ ಇತ್ತು. ನಾವೂ ಹಾಗೆಯೇ. ‘ನಾಲಿಗೆಗೆ ಲಗಾಮಿಲ್ಲ’, ‘ಖರ್ಚಿಗೆ ಕಡಿವಾಣ ಹಾಕು’ ಎನ್ನುವವರು ಕುದುರೆ ಏರಿದವರೇ ಆಗಬೇಕಿಲ್ಲ. ಲಗಾಮು ಪಾರಸಿಯಿಂದ ಬಂದದ್ದು. ಬಹಮನಿ ಸುಲ್ತಾನರು 1347ರಲ್ಲಿ ಕಲಬುರಗಿಯಲ್ಲಿ, ಮುಂದೆ ಬೀದರಿನಲ್ಲಿ ರಾಜ್ಯ ಆಳುವಾಗ ಆಸ್ಥಾನದ ಭಾಷೆ ಪಾರಸಿಯಾಗಿತ್ತು. ಗುಮಾನಿ ಎಂಬ ಮಾತೂ ಪಾರಸಿಯದೇ.

ಕುದುರೆಯ ಮುಖದ ಸಾಮಾನನ್ನು ಒಂದೊಂದಾಗಿ ನೋಡಿ. ತಲೆಗೆ ತೊಡಿಸುವ ಇಡೀ ಪಟ್ಟಿಯ ಜೋಡಣೆ ಬ್ರೈಡಲ್. ಅದರಿಂದ ಅನ್‌ಬ್ರೈಡಲ್ಡ್, ಅಂಕೆಯಿಲ್ಲದ. ಸವಾರನ ಕೈಯಲ್ಲಿರುವ ಪಟ್ಟಿ ರೇನ್. ಇದು ರಿಟೇನ್‌ನ ತಂಗಿ, ಹಿಂದಕ್ಕೆ ಹಿಡಿಯುವುದು. ಗದ್ದದ ಕೆಳಗೆ ಹಾಯುವ ಸರಪಳಿ ಕರ್ಬ್. ಹಗ್ಗ ಎಳೆದಾಗ ಅದು ದವಡೆಗೆ ಒತ್ತಿ ಕುದುರೆಯ ಕೊರಳನ್ನು ಬಾಗಿಸುತ್ತದೆ. ಬಾಗಿಸು ಎಂಬ ಫ್ರೆಂಚ್ ಮಾತಿನಿಂದಲೇ ಆ ಹೆಸರು ಬಂತು, ಕರ್ವ್ ಎಂಬುದೂ ಅದರ ಬಳಗ. ಕಡಿವಾಣಕ್ಕೆ ಲ್ಯಾಟಿನ್ನಿನಲ್ಲಿ ‘ಫ್ರೇನುಮ್’. ಅದರಿಂದ ರಿಫ್ರೇನ್, ಕಡಿವಾಣ ಹಿಂದಕ್ಕೆಳೆದು ತನ್ನನ್ನು ತಾನು ತಡೆಯುವುದು. ಹಾಡಿನ ಪಲ್ಲವಿಗೂ ರಿಫ್ರೇನ್ ಎನ್ನುತ್ತಾರಲ್ಲ, ಅದು ಬೇರೆ ಮನೆಯ ಪದ. ಒಡೆ, ಮುರಿ ಎಂಬ ಬೇರಿನಿಂದ ಬಂದು ರೂಪ ಮಾತ್ರ ಒಂದೇ ಆಗಿದೆ.

ಇಲ್ಲಿ ಒಂದು ಸ್ಪೆಲ್ಲಿಂಗ್ ತಪ್ಪು ಎಷ್ಟು ಹಬ್ಬಿದೆಯೆಂದರೆ ಪತ್ರಿಕೆಗಳಲ್ಲೂ ಕಾಣುತ್ತದೆ. ‘ಫ್ರೀ ರೇನ್’ ಎಂದರೆ ಲಗಾಮು ಸಡಿಲು ಬಿಡುವುದು. ಇದನ್ನು ಆಳ್ವಿಕೆ ಎಂಬರ್ಥದ, ನಡುವೆ ಜಿ ಅಕ್ಷರ ಇರುವ ರೇನ್ ಎಂದು ಬರೆಯುತ್ತಾರೆ. ಉಚ್ಚಾರ ಒಂದೇ ಆದ್ದರಿಂದ ಕಿವಿ ಕಾಪಾಡುವುದಿಲ್ಲ, ಕುದುರೆ ನೆನಪಿದ್ದರೆ ಅದು ಕಾಪಾಡುತ್ತದೆ.

ಚೆಕ್ ಕುದುರೆಯದಲ್ಲ, ಚದುರಂಗದ್ದು. ಆದರೂ ಅದನ್ನು ಇಲ್ಲೇ ಹೇಳಬೇಕು, ಏಕೆಂದರೆ ಅದು ನಮ್ಮೂರಿನ ಹೆಸರುಗಳ ಬಂಧು. ‘ಕೀಪ್ ಇನ್ ಚೆಕ್’ ಎಂದರೆ ಹತೋಟಿಯಲ್ಲಿಡು. ಆ ಚೆಕ್‌ನ ಮೂಲ ಪಾರಸಿಯ ‘ಶಾಹ್’, ರಾಜ. ಎದುರಾಳಿಯ ರಾಜನಿಗೆ ಕುತ್ತು ಬಂದಾಗ ‘ಶಾಹ್’ ಎಂದು ಕೂಗುವುದು ರೂಢಿ. ಆ ಕೂಗು ಅರಬ್ಬಿ, ಲ್ಯಾಟಿನ್, ಫ್ರೆಂಚ್ ಹಾದು ಇಂಗ್ಲಿಷಿಗೆ ಚೆಕ್ ಆಗಿ ಬಂತು. ರಾಜ ಸಿಕ್ಕಿಬಿದ್ದ, ಇನ್ನು ಮನಸ್ಸಿಗೆ ಬಂದಂತೆ ನಡೆಯಲಾರ. ಅಲ್ಲಿಂದ ತಡೆ ಎಂಬ ಅರ್ಥ, ತಡೆದು ನೋಡುವುದರಿಂದ ಪರೀಕ್ಷೆ ಎಂಬ ಅರ್ಥ, ಮೋಸ ತಡೆಯಲು ಇಟ್ಟುಕೊಳ್ಳುವ ಕಾಗದದಿಂದ ಬ್ಯಾಂಕಿನ ಚೆಕ್. ಕಲಬುರಗಿಯ ಶಹಾಬಜಾರ್, ಪರಸಿ ಕಲ್ಲಿನ ಶಹಾಬಾದ್ ಈ ಹೆಸರುಗಳಲ್ಲಿರುವ ಶಹಾ, ಬ್ಯಾಂಕಿನಲ್ಲಿ ಬರೆದುಕೊಡುವ ಚೆಕ್ ಎರಡೂ ಒಂದೇ ಪದ ಎಂದರೆ ಮೊದಲ ಸಲ ಕೇಳಿದವರು ನಂಬುವುದಿಲ್ಲ. ನಿಘಂಟು ತೆರೆದು ತೋರಿಸಿ.

ಹದ, ಕೆಂಡ

ಟೆಂಪರ್ ಎಂದರೆ ಸಿಟ್ಟು ಎಂದು ತಿಳಿದವರು ‘ಲಾಸ್ಟ್ ಹಿಸ್ ಟೆಂಪರ್’ ಎಂಬಲ್ಲಿ ತಬ್ಬಿಬ್ಬಾಗುತ್ತಾರೆ: ಸಿಟ್ಟು ಕಳೆದುಕೊಂಡರೆ ತಣ್ಣಗಾಗಬೇಕಲ್ಲ? ಲ್ಯಾಟಿನ್ನಿನ ‘ತೆಂಪೆರಾರೆ’ ಎಂದರೆ ತಕ್ಕ ಪ್ರಮಾಣದಲ್ಲಿ ಬೆರೆಸು. ಬೀದರಿನ ಬಿದರಿ ಕೆಲಸದವರು ಸತುವಿಗೆ ತಾಮ್ರ ಕೂಡಿಸುವಾಗ ಪಾಲು ನೋಡಿ ಬೆರೆಸುತ್ತಾರಲ್ಲ, ಸತು ಬಹಳ, ತಾಮ್ರ ಸ್ವಲ್ಪ, ಅದೇ ತೆಂಪೆರಾರೆ. ಕನ್ನಡದಲ್ಲಿ ಇದಕ್ಕೆ ‘ಹದ’ ಎಂಬ ಎರಡಕ್ಷರದ ಮಾತಿದೆ. ಮನಸ್ಸಿನ ಹದ ತಪ್ಪಿತು ಎಂದರೆ ಲಾಸ್ಟ್ ಹಿಸ್ ಟೆಂಪರ್. ಟೆಂಪರೇಟ್, ಟೆಂಪರನ್ಸ್, ಟೆಂಪರೇಚರ್ ಎಲ್ಲವನ್ನೂ ಹದದ ಮೇಲೆ ಕೂರಿಸಿ ನೋಡಿ, ಒಂದೂ ಜಾರುವುದಿಲ್ಲ.

ಕರ್ಫ್ಯೂ ಫ್ರೆಂಚಿನ ‘ಬೆಂಕಿ ಮುಚ್ಚು’ ಎಂಬ ಮಾತು. ಮಧ್ಯಯುಗದ ಊರುಗಳಲ್ಲಿ ರಾತ್ರಿ ಗಂಟೆ ಬಾರಿಸಿದರೆ ಮನೆಮನೆಯಲ್ಲೂ ಒಲೆಯ ಬೆಂಕಿ ಮುಚ್ಚಬೇಕಿತ್ತು, ಊರಿಗೆ ಬೆಂಕಿ ಬೀಳದಿರಲೆಂದು. ಕಟ್ಟಿಗೆಯ ಒಲೆ ಇರುವ ಮನೆಯಲ್ಲಿ ರೊಟ್ಟಿ ಮುಗಿದ ಮೇಲೆ ಕೊಳ್ಳಿಗಳನ್ನು ಹಿಂದಕ್ಕೆಳೆದು, ಉಳಿದ ಕೆಂಡವನ್ನು ಒಂದು ಮೂಲೆಗೆ ಒತ್ತರಿಸಿ, ಮೇಲೆ ಬೂದಿ ಎಳೆಯುತ್ತಾರೆ. ಹೊಗೆ ನಿಲ್ಲುತ್ತದೆ, ಬೆಳಗ್ಗೆ ಊದಿದರೆ ಮತ್ತೆ ಕೆಂಪಗೆ ಹೊತ್ತುತ್ತದೆ. ಕರ್ಫ್ಯೂ ಅಂದರೆ ಅಷ್ಟೇ.

ಒಲ್ಲೆ, ಒಲ್ಲದೆ, ಬಾಯಿ ಬಿಡದೆ

ಈ ಮೂರು ಪದಗಳನ್ನು ಕಲೆಸುವವರು ಇಂಗ್ಲಿಷ್ ಎಂ.ಎ. ಮಾಡಿದವರಲ್ಲೂ ಇದ್ದಾರೆ, ಆದ್ದರಿಂದ ಇಲ್ಲಿ ನಿಧಾನವಾಗಿ ಹೋಗೋಣ. ರಿಲಕ್ಟಂಟ್, ಹೆಸಿಟಂಟ್, ರೆಟಿಸಂಟ್.

ರಿಲಕ್ಟಂಟ್‌ನ ಬೇರು ‘ಲುಕ್ತಾರಿ’, ಕುಸ್ತಿ ಹಿಡಿ. ಜಾತ್ರೆಯ ಕುಸ್ತಿ ಕಣದಲ್ಲಿ ಒಬ್ಬನನ್ನು ಇನ್ನೊಬ್ಬ ಎಳೆಯುವಾಗ ಎಳೆಸಿಕೊಳ್ಳುವವನ ಕಾಲು ನೋಡಿ: ಹಿಮ್ಮಡಿ ಮಣ್ಣಿನಲ್ಲಿ ಊರಿದೆ, ಸೊಂಟ ಹಿಂದಕ್ಕೆ ವಾಲಿದೆ. ರಿಲಕ್ಟಂಟ್ ಮನುಷ್ಯ ಅವನೇ. ಅವನಿಗೆ ಗೊಂದಲ ಇಲ್ಲ, ಮನಸ್ಸಿಲ್ಲ.

ಹೆಸಿಟಂಟ್‌ನ ಬೇರು ‘ಹೇರೆರೆ’, ಅಂಟಿಕೊ. ಅದರಿಂದ ‘ಹೇಸಿತಾರೆ’, ಮತ್ತೆ ಮತ್ತೆ ಸಿಕ್ಕಿಕೊಳ್ಳುವುದು. ಲ್ಯಾಟಿನ್ನಿನಲ್ಲಿ ಮಾತು ತೊದಲುವುದಕ್ಕೂ ಇದೇ ಪದ. ಅಡ್‌ಹೀರ್, ಅಡ್‌ಹೀಸಿವ್ ಇದರ ಬಳಗ. ಮಳೆ ಬಿದ್ದ ಮರುದಿನ ಎರೆ ಹೊಲಕ್ಕೆ ಚಪ್ಪಲಿ ಹಾಕಿ ಹೋಗಿ ನೋಡಿ. ನಾಲ್ಕು ಹೆಜ್ಜೆಗೆ ಒಂದೊಂದು ಚಪ್ಪಲಿಗೂ ಸೇರು ಮಣ್ಣು ಅಂಟಿ ಪಾದ ದಪ್ಪಗಾಗುತ್ತದೆ. ಐದನೆಯ ಹೆಜ್ಜೆಗೆ ಕಾಲು ಬರುತ್ತದೆ, ಚಪ್ಪಲಿ ಬರುವುದಿಲ್ಲ. ಮುಂದೆ ಹೋಗಬೇಕೆಂದಿದೆ, ಹಿಂದೆ ತಿರುಗುವ ಮನಸ್ಸೂ ಇಲ್ಲ, ಕಾಲು ಕಿತ್ತು ಬರುತ್ತಿಲ್ಲ. ಅದು ಹೆಸಿಟೇಶನ್.

ರೆಟಿಸಂಟ್‌ನ ಬೇರು ‘ತಾಚೇರೆ’, ಸುಮ್ಮನಿರು. ಟ್ಯಾಸಿಟ್, ಟ್ಯಾಸಿಟರ್ನ್ ಇದರವು. ಮಾತನ್ನು ಒಳಗೇ ಇಟ್ಟುಕೊಳ್ಳುವವನು ರೆಟಿಸಂಟ್. ಕೆಲಸ ಮಾಡಲು ಹಿಂಜರಿಯುವುದಕ್ಕೆ ಈ ಪದ ಹಾಕಬಾರದು. ‘ರೆಟಿಸಂಟ್ ಟು ಗೋ’ ಎಂದು ಇಂಗ್ಲಿಷರೇ ಈಗ ಬರೆಯುತ್ತಿದ್ದರೂ ಪರೀಕ್ಷೆಯಲ್ಲಿ, ಕಚೇರಿ ಪತ್ರದಲ್ಲಿ ಅದನ್ನು ತಪ್ಪೆಂದೇ ಎಣಿಸಿ ಬಿಟ್ಟುಬಿಡಿ. ಸರಿ ರೂಪ ‘ರೆಟಿಸಂಟ್ ಅಬೌಟ್’.

ಒಂದೇ ಸಂದರ್ಭದಲ್ಲಿ ಮೂರನ್ನೂ ಇಟ್ಟು ನೋಡೋಣ. ಬ್ಯಾಂಕ್ ಸಾಲಕ್ಕೆ ಜಾಮೀನು ಸಹಿ ಮಾಡಿರೆಂದು ಮಾವನವರನ್ನು ಕೇಳಿದ್ದೀರಿ. ‘ಒತ್ತಾಯ ಮಾಡ್ತೀರಂತ ಮಾಡ್ತೀನಿ, ನನಗೇನು ಮನಸ್ಸಿಲ್ಲ’ ಎಂದರೆ ಅವರು ರಿಲಕ್ಟಂಟ್. ‘ಮಾಡ್ಲೋ ಬ್ಯಾಡೋ, ನಾಳೆ ಹೇಳ್ತೀನಿ ತಡಿ’ ಎಂದರೆ ಹೆಸಿಟಂಟ್. ಸಹಿ ಮಾಡಿದರು, ಆದರೆ ತಮ್ಮ ಆದಾಯ ಎಷ್ಟೆಂದು ಕೇಳಿದಾಗ ಮಾತು ತೇಲಿಸಿದರು ಎಂದರೆ ಆದಾಯದ ವಿಷಯದಲ್ಲಿ ರೆಟಿಸಂಟ್.

ಸಂದೇಹದ ಪದಗಳು

ಸರ್ಟನ್ ಎಂಬುದರಿಂದ ಶುರು ಮಾಡಿ, ಅನ್‌ಸರ್ಟನ್ ಆಮೇಲೆ. ಲ್ಯಾಟಿನ್ನಿನ ‘ಚೆರ್ನೆರೆ’ ಎಂದರೆ ಸಾಣಿಸು. ಜೋಳದ ಹಿಟ್ಟನ್ನು ಸಾಣಿಗೆಗೆ ಹಾಕಿ ಎರಡೂ ಅಂಗೈಯಲ್ಲಿ ಅತ್ತಿತ್ತ ತಟ್ಟಿದರೆ ನುಣ್ಣಗಿನದು ಕೆಳಗೆ ಇಳಿಯುತ್ತದೆ, ತೌಡು, ಒಡೆಯದ ನುಚ್ಚು ಮೇಲೆ ನಿಲ್ಲುತ್ತದೆ. ಹೀಗೆ ಬೇರ್ಪಟ್ಟು ಖಾತ್ರಿಯಾದದ್ದು ಸರ್ಟನ್. ಇನ್ನೂ ಸಾಣಿಗೆಯಲ್ಲೇ ಇರುವುದು, ಎತ್ತ ಬೀಳುವುದೋ ಗೊತ್ತಿಲ್ಲದ್ದು ಅನ್‌ಸರ್ಟನ್. ಈ ಸಾಣಿಗೆಯಿಂದಲೇ ಡಿಸರ್ನ್, ಬೇರ್ಪಡಿಸಿ ಕಾಣುವುದು. ಸೀಕ್ರೆಟ್, ಬೇರೆ ತೆಗೆದಿಟ್ಟದ್ದು. ಮತ್ತು ಡಿಸ್ಕ್ರೀಟ್ ಎಂಬ ಜೋಡಿ.

ಆ ಜೋಡಿ ಬಹಳ ಜನರನ್ನು ಕೆಡವಿದೆ. ಎರಡರ ಉಚ್ಚಾರವೂ ಒಂದೇ, ಹುಟ್ಟೂ ಒಂದೇ, ಬೇರ್ಪಟ್ಟದ್ದು ಎಂಬ ಲ್ಯಾಟಿನ್ ಪದ. ಸ್ಪೆಲ್ಲಿಂಗ್ ಕವಲೊಡೆದು ಅರ್ಥವೂ ಕವಲೊಡೆಯಿತು. ಎರಡು ಇ ಅಕ್ಷರ ಅಂಟಿಕೊಂಡೇ ಬಂದರೆ ಒಳಗುಟ್ಟು ಕಾಯುವವನು, ಯಾವ ಮಾತು ಎಲ್ಲಿ ಆಡಬೇಕೆಂದು ಬಲ್ಲವನು. ಎರಡು ಇ ನಡುವೆ ಟಿ ಬಂದು ಅವನ್ನು ಬೇರೆ ಮಾಡಿದರೆ ಬಿಡಿಬಿಡಿಯಾದದ್ದು. ಅಕ್ಷರವೇ ಅಕ್ಷರವನ್ನು ಬೇರ್ಪಡಿಸಿದೆ ಎಂದು ನೆನಪಿಟ್ಟುಕೊಂಡರೆ ತಪ್ಪುವುದಿಲ್ಲ.

ಪೆಂಡಿಂಗ್ ಎಂಬುದು ನಮ್ಮಲ್ಲಿ ಕನ್ನಡವೇ ಆಗಿಹೋಗಿದೆ. ‘ಫೈಲ್ ಪೆಂಡಿಂಗ್ ಅದ’ ಎನ್ನದವರಿಲ್ಲ. ಬೇರು ‘ಪೆಂದೆರೆ’, ತೂಗಾಡು. ಸಸ್ಪೆಂಡ್, ಸಸ್ಪೆನ್ಸ್ ಅಲ್ಲಿಂದಲೇ. ಸಸ್ಪೆಂಡ್ ಆದವನ ಕೆಲಸ ಹೋಗಿಲ್ಲ, ಇದೆ ಎಂದೂ ಹೇಳುವಂತಿಲ್ಲ, ನಡುವೆ ತೂಗುತ್ತಿದೆ. ಡಿಸ್ಮಿಸ್ ಆದವನು ಕೆಳಗೆ ಬಿದ್ದಾಯಿತು. ಸುದ್ದಿ ಬರೆಯುವವರು ಈ ಎರಡನ್ನು ಅದಲುಬದಲು ಮಾಡಿದರೆ ಒಬ್ಬ ನೌಕರನ ಬದುಕನ್ನೇ ತಪ್ಪಾಗಿ ಹೇಳಿದಂತೆ.

ಆಂಬಿಗ್ಯುಅಸ್ ಎಂದರೆ ಎರಡೂ ಕಡೆ ಹೊಡೆದುಕೊಂಡು ಹೋಗುವುದು. ‘ಆಗೆರೆ’ ಎಂದರೆ ದನ ಹೊಡೆ, ನಡೆಸು. ಮಾತಿಗೆ, ಬರಹಕ್ಕೆ ಇದನ್ನು ಹೇಳಬೇಕು, ಮನುಷ್ಯನ ಮನಸ್ಸಿಗಲ್ಲ. ಮನಸ್ಸಿಗೆ ಆಂಬಿವೇಲಂಟ್. ಇದು ಹಳೆಯ ಪದವಲ್ಲ, ಸ್ವಿಟ್ಜರ್ಲೆಂಡಿನ ಮನೋವೈದ್ಯ ಯೂಜೆನ್ ಬ್ಲಾಯ್ಲರ್ 1910ರಲ್ಲಿ ಜರ್ಮನ್ ಭಾಷೆಯಲ್ಲಿ ಕಟ್ಟಿದ್ದು: ಎರಡೂ ಕಡೆ ಸಮ ಬಲ. ಬೇಕೂ ಬೇಕು, ಬೇಡವೂ ಬೇಡ. ಬೆಂಗಳೂರಿನಲ್ಲಿ ಕೆಲಸ ಸಿಕ್ಕ ಹುಡುಗನಿಗೆ ಹೋಗುವ ಆಸೆಯೂ ಇದೆ, ಹೊಲ, ಅವ್ವ, ಅಪ್ಪನನ್ನು ಬಿಡುವ ಸಂಕಟವೂ ಇದೆ ಎಂದರೆ ಅವನು ಆಂಬಿವೇಲಂಟ್. ಆದೇಶದ ಪ್ರತಿ ಎರಡು ಅರ್ಥ ಕೊಡುತ್ತಿದ್ದರೆ ಅದು ಆಂಬಿಗ್ಯುಅಸ್.

ವೇಗ್ ಎಂದರೆ ಅಲೆಯುವುದು. ವ್ಯಾಗಬಾಂಡ್ ಅದರ ಅಣ್ಣ. ಗುರಿಯಿಲ್ಲದೆ ಅಲೆಯುವ ಮಾತು ವೇಗ್. ಪರ್ಪ್ಲೆಕ್ಸ್ ಎಂದರೆ ಹೆಣೆದುಕೊಂಡದ್ದು, ಸಿಕ್ಕು. ಡೈಲೆಮ ಗ್ರೀಕಿನದು, ‘ಡೈ’ ಎಂದರೆ ಎರಡು. ಎರಡೇ ದಾರಿ, ಎರಡೂ ಒಲ್ಲದ ದಾರಿ. ಅತ್ತ ದರಿ ಇತ್ತ ಪುಲಿ ಎಂದರೆ ಮಾತ್ರ ಡೈಲೆಮ. ಬರೀ ಗೊಂದಲಕ್ಕೆ ಇದನ್ನು ಹಾಕುವುದು ಪದದ ದುಂದು.

ಸರ್ಕಮ್‌ಸ್ಪೆಕ್ಟ್ ಎಂದರೆ ಸುತ್ತಲೂ ನೋಡುವವನು. ನಮ್ಮದು ‘ಹಿಂದುಮುಂದು ನೋಡು’. ಕೇವಿಯಟ್ ಎಂಬುದು ಲ್ಯಾಟಿನ್ನಿನ ಇಡೀ ವಾಕ್ಯ, ‘ಅವನು ಎಚ್ಚರವಾಗಿರಲಿ’. ಎದುರಿನವರು ಕೋರ್ಟಿಗೆ ಹೋಗಿ ನಿಮಗೆ ತಿಳಿಯದಂತೆ ಆದೇಶ ತರದಿರಲೆಂದು ಸಿವಿಲ್ ಪ್ರೊಸೀಜರ್ ಕೋಡ್‌ನ 148ಎ ಕಲಮಿನಡಿ ಕೇವಿಯಟ್ ಹಾಕುತ್ತಾರೆ, ಅದು 90 ದಿನ ಜಾರಿಯಲ್ಲಿರುತ್ತದೆ. ಕಲಬುರಗಿಯ ಹೈಕೋರ್ಟ್ ಪೀಠಕ್ಕೆ ಓಡಾಡುವವರಿಗೆ ಪದ ಗೊತ್ತು, ಅದರೊಳಗಿನ ಎಚ್ಚರಿಕೆಯ ದನಿಯೂ ಗೊತ್ತಿರಲಿ.

ಮೂರನೆಯ ಅಂಕಣ: ವಾಕ್ಯ

ಬೇರು ಅರ್ಥ ಕೊಡುತ್ತದೆ, ವಾಕ್ಯದಲ್ಲಿ ಕೂರಿಸಲು ಜೊತೆಗಿನ ಸಣ್ಣ ಪದವೂ ಬೇಕು. ದೂರ ಹಿಡಿಯುವ ಪದಗಳಿಗೆ ‘ಫ್ರಮ್’ ಬರುವುದು ಸಹಜ, ದೂರ ಎಂಬುದೇ ಫ್ರಮ್: ಅಬ್‌ಸ್ಟೇನ್ ಫ್ರಮ್, ರಿಫ್ರೇನ್ ಫ್ರಮ್, ಪ್ರೊಹಿಬಿಟ್ ಫ್ರಮ್. ಇವುಗಳ ಮುಂದೆ ಕ್ರಿಯಾಪದ ಬಂದರೆ ಇಂಗ್ ರೂಪದಲ್ಲೇ ಬರಬೇಕು: ‘ರಿಫ್ರೇನ್ ಫ್ರಮ್ ಸ್ಮೋಕಿಂಗ್’. ‘ರಿಫ್ರೇನ್ ಟು ಸ್ಮೋಕ್’ ತಪ್ಪು. ರಿಲಕ್ಟಂಟ್, ಹೆಸಿಟಂಟ್‌ಗೆ ‘ಟು’ ಮತ್ತು ಮೂಲ ಕ್ರಿಯಾಪದ. ಆಂಬಿವೇಲಂಟ್, ರೆಟಿಸಂಟ್‌ಗೆ ‘ಅಬೌಟ್’. ಸಸ್ಪಿಶಸ್‌ಗೆ ‘ಆಫ್’. ಅಬ್‌ಸ್ಟೇನ್‌ಗೆ ಎರಡು ನಾಮಪದ ಇವೆ: ಮತ ಹಾಕದೆ ಉಳಿದರೆ ಅಬ್‌ಸ್ಟೆನ್ಶನ್, ಕುಡಿತ ಬಿಟ್ಟರೆ ಅಬ್‌ಸ್ಟಿನೆನ್ಸ್.

ಡೌಟ್ ಬಗ್ಗೆ ಇನ್ನೆರಡು ಮಾತು. ಅದರ ನಡುವಿನ ಬಿ ಉಚ್ಚರಿಸುವುದಿಲ್ಲ. ಫ್ರೆಂಚಿನಿಂದ ಬರುವಾಗ ಈ ಪದದಲ್ಲಿ ಬಿ ಇರಲೇ ಇಲ್ಲ. ಲ್ಯಾಟಿನ್ ಓದಿದವರು ಮೂಲದ ನೆನಪಿಗೆಂದು ಆಮೇಲೆ ಸೇರಿಸಿದರು. ಸಾಲ ಎಂಬರ್ಥದ ಡೆಟ್‌ಗೂ ಹಾಗೇ ಆಯಿತು. ಮತ್ತೆ, ತರಗತಿಯಲ್ಲಿ ‘ಐ ಹ್ಯಾವ್ ಎ ಡೌಟ್’ ಎಂದು ನಾವು ಕೇಳುವುದು ಭಾರತದಲ್ಲಿ ನಡೆಯುತ್ತದೆ. ಹೊರದೇಶದವರ ಜೊತೆ ಸಂದರ್ಶನದಲ್ಲಿ ಹಾಗೆಂದರೆ ‘ನೀವು ಹೇಳಿದ್ದನ್ನು ನಾನು ನಂಬುವುದಿಲ್ಲ’ ಎಂದು ಕೇಳಿಸಬಹುದು. ಅಲ್ಲಿ ‘ಐ ಹ್ಯಾವ್ ಎ ಕ್ವೆಶ್ಚನ್’ ಎನ್ನಿ.

ಖಾತ್ರಿಯ ಮೆಟ್ಟಿಲುಗಳನ್ನು ಒಂದು ಪುಟದಲ್ಲಿ ಮೇಲಿನಿಂದ ಕೆಳಗೆ ಬರೆದಿಟ್ಟುಕೊಳ್ಳಿ: ಸರ್ಟನ್, ಪ್ರಾಬಬಲ್, ಪಾಸಿಬಲ್, ಡೌಟ್‌ಫುಲ್. ಪ್ರಾಬಬಲ್‌ನಲ್ಲಿ ‘ಪರೀಕ್ಷಿಸು’ ಇದೆ, ಪ್ರೂಫ್ ಅದರ ಬಂಧು. ಆದ್ದರಿಂದ ಕಾರಣ ಕೈಯಲ್ಲಿದ್ದಾಗ ಅದನ್ನು ಹಾಕಿ. ಪಾಸಿಬಲ್‌ನಲ್ಲಿ ಬರೀ ‘ಆಗಬಲ್ಲದು’ ಇದೆ. ಮುಗಿಲು ಕಪ್ಪಾಗಿ ಗಾಳಿ ತಣ್ಣಗಾಗಿದ್ದರೆ ಮಳೆ ಪ್ರಾಬಬಲ್, ಬೇಸಿಗೆಯ ನಡುವೆ ಒಂದು ಮೋಡ ಕಂಡರೆ ಪಾಸಿಬಲ್. ಇನ್ನು ಮೇಬಿ ಕೂಡಿ ಬರೆದರೆ ‘ಬಹುಶಃ’, ಬಿಡಿಸಿ ಬರೆದರೆ ‘ಇರಬಹುದು’. ವಾಕ್ಯದಿಂದ ಅದನ್ನು ತೆಗೆದು ನೋಡಿ. ವಾಕ್ಯ ನಿಂತರೆ ಕೂಡಿಸಿ ಬರೆಯಬೇಕು, ಬಿದ್ದರೆ ಬಿಡಿಸಿ ಬರೆಯಬೇಕು.

ಬೇರು ದಾರಿ ತಪ್ಪಿಸುವುದು ಯಾವಾಗ

ಪದ ಹುಟ್ಟಿದಾಗಿನ ಅರ್ಥವೇ ಇಂದಿನ ಅರ್ಥ ಎಂದುಕೊಂಡಾಗ. ಇಂಗ್ಲಿಷಿನ ನೈಸ್ ಲ್ಯಾಟಿನ್ನಿನಲ್ಲಿ ‘ಏನೂ ತಿಳಿಯದವನು’ ಎಂದಿತ್ತು. ಯಾರಾದರೂ ನಿಮ್ಮನ್ನು ನೈಸ್ ಎಂದರೆ ಜಗಳಕ್ಕೆ ಹೋಗುವುದಿಲ್ಲವಲ್ಲ. ಕನ್ನಡದಲ್ಲೂ ಹಾಗೇ ಆಗಿದೆ. ತರ್ಕಶಾಸ್ತ್ರದಲ್ಲಿ ಅನುಮಾನ ಎಂದರೆ ಹೊಗೆ ಕಂಡು ಬೆಂಕಿ ಇದೆಯೆಂದು ತಿಳಿಯುವ ಖಚಿತ ಜ್ಞಾನ, ನಮ್ಮ ಬಾಯಲ್ಲಿ ಅದೇ ಸಂಶಯವಾಗಿದೆ. ಸಂಶಯದಲ್ಲಿರುವ ಧಾತುವಿಗೆ ‘ಮಲಗು’ ಎಂದರ್ಥ, ಸಂದೇಹದ ಧಾತುವಿಗೆ ‘ಬಳಿ, ಸವರು’. ಬೇರು ನೆನಪಿಗೆ, ಬಳಕೆ ಇಂದಿನ ನಿಘಂಟಿಗೆ; ಎರಡೂ ಜಗಳವಾಡಿದರೆ ನಿಘಂಟಿನ ಮಾತೇ ಕೇಳಿ.

ಇನ್ನೊಂದು, ವಾಟ್ಸ್ಆ್ಯಪ್‌ನಲ್ಲಿ ಬರುವ ಪದಕಥೆಗಳು. ಸಿನ್ಸಿಯರ್ ಎಂದರೆ ಮೇಣ ಹಚ್ಚದ ಶಿಲ್ಪ ಎಂಬ ಕಥೆ ಬಹಳ ಓಡಾಡುತ್ತದೆ, ಅದಕ್ಕೆ ಆಧಾರವಿಲ್ಲ. ಕಥೆ ಎಷ್ಟು ಅಚ್ಚುಕಟ್ಟಾಗಿದೆಯೋ ಅಷ್ಟು ಹುಷಾರಾಗಿರಿ. ಹ್ಯಾಜರ್ಡ್ ಅರಬ್ಬಿಯ ದಾಳದ ಹೆಸರಿನಿಂದ ಬಂತೆಂಬುದು ಸಾಧ್ಯ, ಆದರೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಅಂಥದ್ದನ್ನು ಬರೆದುಕೊಳ್ಳುವಾಗ ಪಕ್ಕದಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿ.

ಭಾನುವಾರ ಹೊಸ ಪದ ಬೇಡ. ಎರಡು, ಮೂರನೆಯ ಅಂಕಣಗಳನ್ನು ಒಂದು ಹಾಳೆಯಿಂದ ಮುಚ್ಚಿ, ಪದ ನೋಡಿ ಚಿತ್ರವನ್ನು ಬಾಯಲ್ಲಿ ಹೇಳಿ. ಆಮೇಲೆ ಮೊದಲ ಅಂಕಣ ಮುಚ್ಚಿ, ಚಿತ್ರ ನೋಡಿ ಪದ ಹೇಳಿ. ಎರಡನೆಯದೇ ಕಷ್ಟ, ಬರೆಯುವಾಗ ಕೆಲಸಕ್ಕೆ ಬರುವುದೂ ಅದೇ. ತಪ್ಪಿದ ಪದಕ್ಕೆ ಕೆಂಪು ಚುಕ್ಕೆ ಇಟ್ಟು ಸೋಮವಾರದ ಐದರಲ್ಲಿ ಮತ್ತೆ ಸೇರಿಸಿ, ಈ ಸಲ ಬೇರೆ ವಾಕ್ಯ ಮಾಡಿ. ಮೂರು ಚುಕ್ಕೆ ಬಿದ್ದ ಪದಕ್ಕೆ ನಿಮ್ಮ ಚಿತ್ರವೇ ಸರಿಯಿಲ್ಲ ಎಂದರ್ಥ. ಅದನ್ನು ಹೊಡೆದುಹಾಕಿ, ನಿಮ್ಮ ಮನೆಯಲ್ಲೋ ಹೊಲದಲ್ಲೋ ದಿನವೂ ಕಾಣುವ ಇನ್ನೊಂದನ್ನು ಹುಡುಕಿ ಬರೆಯಿರಿ.